ಪರದೆಯ ಮುಂದೆ ಕಳೆದ ಗಂಟೆ ಎಲ್ಲಿಂದ ಬರುತ್ತದೆ?

ಬೆಳಗಾವಿಯ ಸುವರ್ಣ ವಿಧಾನಸೌಧದ ಬಳಿಯ ಹಲಗಾ ಗ್ರಾಮದಲ್ಲಿ 2024ರ ಕೊನೆಯ ಹೊತ್ತಿಗೆ ಹೊಸ ಪದ್ಧತಿಯೊಂದು ಆರಂಭವಾಯಿತು. ಸಂಜೆ ಏಳಕ್ಕೆ ಊರಿನಲ್ಲಿ ಸೈರನ್ ಕೂಗಿದರೆ ಒಂಬತ್ತರವರೆಗೆ ಮನೆಗಳಲ್ಲಿ ಟಿವಿ, ಮೊಬೈಲ್ ಬಂದ್. ಆ ಹೊತ್ತಿನಲ್ಲಿ ಮಕ್ಕಳು ಓದಬೇಕು, ಮನೆಯವರು ಒಬ್ಬರೊಡನೊಬ್ಬರು ಮಾತಾಡಬೇಕು ಎಂಬುದು ಉದ್ದೇಶ. ಪಕ್ಕದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ 2022ರಲ್ಲೇ ಇಂಥ ನಿಯಮ ತಂದಿತ್ತು. ಅಲ್ಲಿ ಅವಧಿ ಒಂದೂವರೆ ಗಂಟೆ. ಕೋವಿಡ್ ಕಾಲದಲ್ಲಿ ಪಾಠವೇ ಫೋನಿನೊಳಗೆ ಬಂದು ಕೂತಿತು, ಶಾಲೆ ತೆರೆದ ಮೇಲೂ ಫೋನು ಮಕ್ಕಳ ಕೈ ಬಿಡಲಿಲ್ಲ. ಈ ನಿಯಮಗಳ ಹಿಂದಿರುವುದು ಆ ಅನುಭವ.

ಊರು ಊರೇ ಸೇರಿ ತೀರ್ಮಾನ ಮಾಡುವಷ್ಟು ದೊಡ್ಡದಾಗಿರುವ ಈ ವಿಷಯದ ಬಗ್ಗೆ ಮನೆಮನೆಯಲ್ಲೂ ಪ್ರಶ್ನೆಗಳಿವೆ. ಮಗು ಎಷ್ಟು ಹೊತ್ತು ನೋಡಿದರೆ ಹೆಚ್ಚಾಯಿತು? ಟಿವಿಗೂ ಮೊಬೈಲಿಗೂ ವ್ಯತ್ಯಾಸವಿದೆಯೇ? ಕಣ್ಣು ಕೆಡುವುದು ನಿಜವೇ? ದಿನವಿಡೀ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ ಧಾರಾವಾಹಿ ನೋಡಿದರೆ ತಪ್ಪೇನು? ಇವುಗಳಲ್ಲಿ ಕೆಲವಕ್ಕೆ ಸಂಶೋಧನೆ ಗಟ್ಟಿಯಾದ ಉತ್ತರ ಕೊಟ್ಟಿದೆ, ಕೆಲವು ಉತ್ತರಗಳು ಇನ್ನೂ ಬಲಿತಿಲ್ಲ.

ಎಲ್ಲಕ್ಕೂ ಮೊದಲು ಒಂದು ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಸುಲಭವಾಗುತ್ತದೆ. ದಿನವನ್ನು 24 ಸೇರು ಹಿಡಿಯುವ ಡಬ್ಬಿ ಎಂದುಕೊಳ್ಳೋಣ. ಅದರಲ್ಲಿ ನಿದ್ದೆ, ಕೆಲಸ, ಓದು, ಊಟ, ನಡಿಗೆ, ಹರಟೆ ಎಲ್ಲವೂ ತುಂಬಿವೆ. ಅದಕ್ಕೆ ಮೂರು ಸೇರು ಪರದೆಯನ್ನು ಸುರಿದರೆ ಬೇರೆ ಯಾವುದೋ ಮೂರು ಸೇರು ಹೊರಗೆ ಚೆಲ್ಲಲೇಬೇಕು. ಪರದೆಯಿಂದ ಆಗುತ್ತದೆ ಎಂದು ಹೇಳುವ ತೊಂದರೆಗಳಲ್ಲಿ ಬಹುಪಾಲನ್ನು ಅರ್ಥ ಮಾಡಿಕೊಳ್ಳಲು, ಹೊರಗೆ ಚೆಲ್ಲಿದ್ದು ಯಾವುದು ಎಂದು ಹುಡುಕಬೇಕಾಗುತ್ತದೆ.

ಹೆಸರು ಒಂದೇ, ಬಗೆ ಹಲವು

ಟಿವಿ, ಮೊಬೈಲ್, ಟ್ಯಾಬ್, ಕಂಪ್ಯೂಟರ್, ವಿಡಿಯೊ ಗೇಮ್ ಎಲ್ಲವುಗಳ ಮುಂದೆ ಕಳೆಯುವ ಒಟ್ಟು ಹೊತ್ತಿಗೆ ‘ಸ್ಕ್ರೀನ್ ಟೈಮ್’ ಎನ್ನುತ್ತಾರೆ. ಕಚೇರಿಯ ಲೆಕ್ಕಪತ್ರವೂ ಇದರಲ್ಲೇ ಬರುತ್ತದೆ, ಮಲಗಿಕೊಂಡು ಒಂದರ ಹಿಂದೊಂದು ರೀಲ್ಸ್ ಸರಿಸುವುದೂ ಇದರಲ್ಲೇ ಬರುತ್ತದೆ. ಹೀಗಾಗಿ ‘ದಿನಕ್ಕೆ ಐದು ಗಂಟೆ’ ಎಂಬ ಅಂಕಿಯೊಂದರಿಂದಲೇ ಏನನ್ನೂ ತೀರ್ಮಾನಿಸಲಾಗದು. ಸುಮ್ಮನೆ ನೋಡುವುದು, ಆಡುವುದು, ಯಾರೊಡನೆಯೋ ಮಾತಾಡುವುದು, ಕೆಲಸ ಅಥವಾ ಓದು, ಇವುಗಳನ್ನು ಸಂಶೋಧಕರು ಬೇರೆ ಬೇರೆಯಾಗಿಯೇ ನೋಡುತ್ತಾರೆ.

ಭಾರತದ ಹಳ್ಳಿಗಳಿಗೆ ಟಿವಿ ದೊಡ್ಡ ಪ್ರಮಾಣದಲ್ಲಿ ಮೊದಲು ಬಂದದ್ದು ಕಲಿಕೆಯ ಹೆಸರಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಬೇಸಾಯ, ಆರೋಗ್ಯ, ಶಾಲಾ ಪಾಠಗಳ ಕಾರ್ಯಕ್ರಮಗಳು ಬಂದವು. ಕಲಬುರಗಿ, ರಾಯಚೂರು ಭಾಗದ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಊರಿಗೊಂದು ಪೆಟ್ಟಿಗೆ, ದಿನಕ್ಕೆ ಕೆಲವೇ ಗಂಟೆ, ಜನ ಒಟ್ಟಾಗಿ ಕೂತು ನೋಡುವುದು. ಇಂದು ಪ್ರತಿಯೊಬ್ಬರ ಅಂಗೈಯಲ್ಲೂ ನಡುರಾತ್ರಿಯವರೆಗೆ ಬೆಳಗುವ ಪರದೆಯನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕೂತ ದೇಹದೊಳಗೆ ಏನಾಗುತ್ತದೆ

ಟಿವಿಯ ಮೇಲಿನ ದೊಡ್ಡ ಆರೋಪ ಕಣ್ಣಿಗಿಂತ ಹೃದಯಕ್ಕೆ ಸಂಬಂಧಿಸಿದ್ದು. ಇದರ ಮೂಲ ಹುಡುಕಿದರೆ 1953ರ ಲಂಡನ್ನಿನ ಬಸ್ಸುಗಳಿಗೆ ಹೋಗಿ ನಿಲ್ಲುತ್ತೇವೆ. ಜೆರ್ರಿ ಮಾರಿಸ್ ಎಂಬ ವೈದ್ಯ ಅಲ್ಲಿನ ಎರಡು ಅಂತಸ್ತಿನ ಬಸ್ಸುಗಳ ಚಾಲಕರನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಊರು. ಆದರೆ ದಿನವಿಡೀ ಕೂತಿರುವ ಚಾಲಕರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ಹೆಚ್ಚಿತ್ತು, ಮೆಟ್ಟಿಲು ಹತ್ತಿ ಇಳಿದು ಟಿಕೆಟ್ ಕೊಡುವ ಕಂಡಕ್ಟರುಗಳಲ್ಲಿ ಕಡಿಮೆಯಿತ್ತು.

ಕಾರಣ ಸ್ನಾಯುಗಳಲ್ಲಿದೆ. ತೊಡೆ, ಸೊಂಟದ ದೊಡ್ಡ ಸ್ನಾಯುಗಳು ಕೆಲಸ ಮಾಡುವಾಗ ರಕ್ತದಲ್ಲಿನ ಸಕ್ಕರೆಯನ್ನೂ ಕೊಬ್ಬನ್ನೂ ಹೀರಿಕೊಳ್ಳುತ್ತವೆ. ನಾವು ಕುರ್ಚಿಗೆ ಒರಗಿದ ಕೂಡಲೇ ಅವು ಹೆಚ್ಚುಕಡಿಮೆ ರಜೆ ಹಾಕುತ್ತವೆ, ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆ ಅಲ್ಲೇ ಹೆಚ್ಚು ಹೊತ್ತು ಸುತ್ತುತ್ತಿರುತ್ತದೆ. ಟಿವಿ ನೋಡುವಾಗ ದೇಹ ಖರ್ಚು ಮಾಡುವ ಶಕ್ತಿ ಸುಮ್ಮನೆ ಕೂತಾಗಿನದಕ್ಕಿಂತ ಹೆಚ್ಚೇನೂ ಅಲ್ಲ. ನಮ್ಮಲ್ಲಿ ಧಾರಾವಾಹಿಯ ಹೊತ್ತೂ ರಾತ್ರಿಯೂಟದ ಹೊತ್ತೂ ಒಂದೇ ಆಗಿರುವುದರಿಂದ, ದಿನದ ದೊಡ್ಡ ಊಟವನ್ನು ಅತಿ ಕಡಿಮೆ ಅಲುಗಾಟದ ಹೊತ್ತಿಗೆ ನಾವೇ ಜೋಡಿಸಿಕೊಂಡಂತಾಗಿದೆ.

ಆಸ್ಟ್ರೇಲಿಯಾದಲ್ಲಿ ಸುಮಾರು 8,800 ವಯಸ್ಕರನ್ನು ಆರೂವರೆ ವರ್ಷಗಳಷ್ಟು ಕಾಲ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಪದೇಪದೇ ಉಲ್ಲೇಖವಾಗುತ್ತದೆ. ದಿನಕ್ಕೆ ಒಂದು ಗಂಟೆ ಹೆಚ್ಚುವರಿ ಟಿವಿ ನೋಡುವವರಲ್ಲಿ ಆ ಅವಧಿಯ ಸಾವಿನ ಅಪಾಯ ಶೇ 11ರಷ್ಟು, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದಾಗುವ ಸಾವಿನ ಅಪಾಯ ಶೇ 18ರಷ್ಟು ಹೆಚ್ಚಿತ್ತು. ಇಂಥ ಅಂಕಿಗಳನ್ನು ಓದುವಾಗ ಗಾಬರಿಯಾಗುವುದು ಸಹಜ, ಅದಕ್ಕೇ ಅವುಗಳ ಅರ್ಥ ಬಿಡಿಸಿ ನೋಡಬೇಕು. ಸಾವಿರ ಜನರಲ್ಲಿ ಅಷ್ಟು ವರ್ಷಗಳಲ್ಲಿ 30 ಜನ ಸಾಯುತ್ತಾರೆ ಎಂದುಕೊಂಡರೆ, ಶೇ 11 ಹೆಚ್ಚು ಎಂದರೆ 33 ಜನ. ಒಬ್ಬ ವ್ಯಕ್ತಿಯ ಮಟ್ಟಿಗೆ ಇದು ಸಣ್ಣ ಹೆಚ್ಚಳ, ಕೋಟಿಗಟ್ಟಲೆ ಜನರ ನಾಡಿಗೆ ದೊಡ್ಡದು.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಮೊಣಕಾಲು ನೋವಿರುವವರು, ಕಾಯಿಲೆಯಿಂದ ಮನೆಯಲ್ಲೇ ಇರುವವರು ಟಿವಿ ಹೆಚ್ಚು ನೋಡುತ್ತಾರೆ. ಆಗ ಕಾಯಿಲೆಯೇ ಟಿವಿಗೆ ಕಾರಣ, ಟಿವಿ ಕಾಯಿಲೆಗಲ್ಲ. ಸಂಶೋಧಕರು ವಯಸ್ಸು, ಧೂಮಪಾನ, ವ್ಯಾಯಾಮ ಮುಂತಾದವನ್ನು ಲೆಕ್ಕದಲ್ಲಿ ಸರಿದೂಗಿಸುತ್ತಾರಾದರೂ ಈ ಗೋಜಲು ಪೂರ್ತಿ ಬಿಡಿಸಿಹೋಗುವುದಿಲ್ಲ.

ಆದ್ದರಿಂದಲೇ ಮಕ್ಕಳ ಮೇಲೆ ನಡೆದ ಒಂದು ನೇರ ಪ್ರಯೋಗಕ್ಕೆ ಹೆಚ್ಚು ತೂಕವಿದೆ ಎಂದು ನನಗೆ ಅನ್ನಿಸುತ್ತದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯ ಎರಡು ಶಾಲೆಗಳಲ್ಲಿ ಮೂರನೆಯ, ನಾಲ್ಕನೆಯ ತರಗತಿಯ ಮಕ್ಕಳನ್ನು ಆಯ್ದುಕೊಂಡು, ಒಂದು ಶಾಲೆಯಲ್ಲಿ ಟಿವಿ ಮತ್ತು ವಿಡಿಯೊ ಗೇಮ್ ಕಡಿಮೆ ಮಾಡುವ ಪಾಠಗಳನ್ನು ಆರು ತಿಂಗಳು ನಡೆಸಿದರು. ಊಟದಲ್ಲಿ ಇಂಥದ್ದೇ ತಿನ್ನಬೇಕು, ಹೀಗೇ ವ್ಯಾಯಾಮ ಮಾಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಟಿವಿ ಕಡಿಮೆ ಮಾಡಿದ ಶಾಲೆಯ ಮಕ್ಕಳ ತೂಕ ಇನ್ನೊಂದು ಶಾಲೆಯ ಮಕ್ಕಳಷ್ಟು ಏರಲಿಲ್ಲ, ಪರದೆಯ ಮುಂದೆ ಕೂತು ಉಣ್ಣುವುದೂ ಅವರಲ್ಲಿ ಕಡಿಮೆಯಾಗಿತ್ತು. ಗಮನ ಕಥೆಯಲ್ಲಿದ್ದಾಗ ಎಷ್ಟು ತಿಂದೆವೆಂಬ ನೆನಪು ಸರಿಯಾಗಿ ದಾಖಲಾಗುವುದಿಲ್ಲ. ಹೊಟ್ಟೆ ತುಂಬಿತು ಎಂಬ ಸೂಚನೆ ಬಂದರೂ ಕೈ ಚಕ್ಕುಲಿಯ ಡಬ್ಬಿಗೆ ಹೋಗುತ್ತಲೇ ಇರುತ್ತದೆ.

ಹಾಗಾದರೆ ಬೆಳಿಗ್ಗೆ ವಾಕಿಂಗ್ ಮಾಡಿದರೆ ಸಂಜೆ ಕೂತದ್ದು ಸರಿಹೋಗುತ್ತದೆಯೇ? ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 60ರಿಂದ 75 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಇರುವವರಲ್ಲಿ ಹೆಚ್ಚು ಹೊತ್ತು ಕೂರುವುದರ ಅಪಾಯ ಬಹುಮಟ್ಟಿಗೆ ಅಳಿಸಿಹೋಗುತ್ತದೆ. ಆದರೆ ದಿನಕ್ಕೆ ಐದು ಗಂಟೆಗೂ ಮೀರಿ ಟಿವಿ ನೋಡುವವರಲ್ಲಿ ಅಷ್ಟು ನಡಿಗೆಯಿಂದ ಅಪಾಯ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ.

ಕದ್ದುಹೋಗುವ ನಿದ್ದೆ

ಕತ್ತಲಾಗುತ್ತಿದ್ದಂತೆ ಮೆದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಇದನ್ನು ‘ರಾತ್ರಿಯಾಯಿತು’ ಎಂದು ದೇಹಕ್ಕೆ ಡಂಗುರ ಸಾರುವ ತಳವಾರನೆನ್ನಬಹುದು. ಅವನಿಗೆ ಅಪ್ಪಣೆ ಹೋಗುವುದು ಕಣ್ಣಿನ ಅಕ್ಷಿಪಟದಲ್ಲಿರುವ ಕೆಲವು ವಿಶೇಷ ಕೋಶಗಳಿಂದ. ಆ ಕೋಶಗಳು ನೀಲಿ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ, ಮೊಬೈಲ್ ಮತ್ತು ಟ್ಯಾಬ್ ಪರದೆಗಳ ಬೆಳಕಿನಲ್ಲಿ ನೀಲಿ ಅಂಶ ಧಾರಾಳವಾಗಿದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಹನ್ನೆರಡು ಜನ ಮಲಗುವ ಮೊದಲು ನಾಲ್ಕು ಗಂಟೆ ಕಾಲ ಒಮ್ಮೆ ಬೆಳಗುವ ಪರದೆಯಲ್ಲಿ, ಇನ್ನೊಮ್ಮೆ ಕಾಗದದ ಪುಸ್ತಕದಲ್ಲಿ ಓದಿದರು. ಪರದೆಯಲ್ಲಿ ಓದಿದಾಗ ಅವರ ಮೆಲಟೋನಿನ್ ಏರಿಕೆ ಸುಮಾರು ಒಂದೂವರೆ ಗಂಟೆ ತಡವಾಯಿತು, ನಿದ್ದೆ ಹತ್ತಲು ಹತ್ತಿರಹತ್ತಿರ ಹತ್ತು ನಿಮಿಷ ಹೆಚ್ಚು ಬೇಕಾಯಿತು.

ಹತ್ತು ನಿಮಿಷವೇನೂ ದೊಡ್ಡದಲ್ಲ. ನಿಜವಾಗಿ ನಿದ್ದೆ ಕದಿಯುವುದು ಬೆಳಕಿಗಿಂತ ಹೆಚ್ಚಾಗಿ ಗಡಿಯಾರ. ಧಾರಾವಾಹಿ ಮುಗಿದು ಹತ್ತೂವರೆಗೆ ಮಲಗುವ ಎಂಟು ವರ್ಷದ ಮಗು ಶಾಲೆಯ ವ್ಯಾನಿಗಾಗಿ ಆರಕ್ಕೆ ಏಳಬೇಕಾದರೆ ಅದಕ್ಕೆ ದಕ್ಕುವುದು ಏಳೂವರೆ ಗಂಟೆ ನಿದ್ದೆ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ನಿದ್ರಾ ತಜ್ಞರು ಹೇಳುವುದು 9ರಿಂದ 12 ಗಂಟೆ. ಹೀಗೆ ದಿನವೂ ಉಳಿಯುವ ಸಾಲ ಮರುದಿನದ ತರಗತಿಯಲ್ಲಿ ಮಂಕುತನವಾಗಿ, ಕಾರಣವಿಲ್ಲದ ಹಟವಾಗಿ ಕಾಣುತ್ತದೆ. ನಿದ್ದೆಗೆಟ್ಟಾಗ ಹಸಿವು ಕೆರಳಿಸುವ ಹಾರ್ಮೋನು ಏರಿ, ಸಾಕೆನ್ನಿಸುವ ಹಾರ್ಮೋನು ಇಳಿಯುವುದರಿಂದ ತೂಕದ ಪ್ರಶ್ನೆಯೂ ಇಲ್ಲಿಗೆ ಬಂದು ಕೂಡಿಕೊಳ್ಳುತ್ತದೆ. ಟಿವಿಯಲ್ಲಿ ಕಾರ್ಯಕ್ರಮ ಎಂದಾದರೂ ಮುಗಿಯುತ್ತದೆ. ಮೊಬೈಲಿನಲ್ಲಿ ಮುಂದಿನ ವಿಡಿಯೊ ತಾನಾಗಿಯೇ ಬರುವುದರಿಂದ ಏಳುವ ಜಾಗವೇ ಸಿಗುವುದಿಲ್ಲ, ಮತ್ತು ಅದು ಹಾಸಿಗೆಯೊಳಗೇ ಬರುತ್ತದೆ. ಎರಡರ ನಡುವಿನ ಮುಖ್ಯ ವ್ಯತ್ಯಾಸ ಇದೇ.

ಕಣ್ಣಿಗೆ ಬೇಕಾದದ್ದು ಬಿಸಿಲು

ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಅರ್ಧಕ್ಕಿಂತಲೂ ಕಡಿಮೆಯಾಗುವುದುಂಟು. ರೆಪ್ಪೆ ಕಣ್ಣನ್ನು ಒದ್ದೆಯಾಗಿಡುವ ಒರಸುಬಟ್ಟೆಯಿದ್ದಂತೆ. ಅದು ಆಡದಿದ್ದರೆ ಉರಿ, ನವೆ, ಮಂಜು ಬರುತ್ತವೆ. ಇದಕ್ಕೆ ಕಣ್ಣಿನ ವೈದ್ಯರು ಹೇಳುವ ಸುಲಭದ ದಾರಿ, ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವುದು. ನೀಲಿ ಬೆಳಕು ತಡೆಯುವ ಕನ್ನಡಕಗಳು ಕಣ್ಣಿನ ಆಯಾಸವನ್ನು ಕಡಿಮೆ ಮಾಡುತ್ತವೆ ಎಂಬುದಕ್ಕೆ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2023ರ ಪರಿಶೀಲನೆಯಲ್ಲಿ ಒಳ್ಳೆಯ ಆಧಾರ ಸಿಗಲಿಲ್ಲ. ಹಾಗಾಗಿ ಅದಕ್ಕೆಂದು ಹಣ ಹಾಕುವ ಮುನ್ನ ಯೋಚಿಸಬೇಕು.

ಹೆಚ್ಚು ಚಿಂತಿಸಬೇಕಾದದ್ದು ಸಮೀಪದೃಷ್ಟಿ, ಅಂದರೆ ಹತ್ತಿರದ್ದು ಕಂಡು ಕಪ್ಪುಹಲಗೆಯ ಅಕ್ಷರ ಮಸುಕಾಗುವ ದೋಷ. ಬೆಳೆಯುವ ವಯಸ್ಸಿನಲ್ಲಿ ಕಣ್ಣುಗುಡ್ಡೆ ತುಸು ಉದ್ದವಾಗಿ ಬೆಳೆದರೆ ಹೀಗಾಗುತ್ತದೆ. ದೆಹಲಿಯ ಶಾಲಾ ಮಕ್ಕಳಲ್ಲಿ ಏಮ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 13ರಷ್ಟು ಮಕ್ಕಳಿಗೆ ಈ ದೋಷವಿತ್ತು. ಇದರಲ್ಲಿ ಪುಸ್ತಕ ಮತ್ತು ಮೊಬೈಲನ್ನು ಹತ್ತಿರ ಹಿಡಿದು ನೋಡುವುದರ ಪಾಲಿದೆ. ಅಷ್ಟೇ ಮುಖ್ಯವಾದದ್ದು ಹಗಲು ಬೆಳಕಿನ ಕೊರತೆ. ಬೆಳಕಿನ ಪ್ರಖರತೆಯನ್ನು ಅಳೆಯುವ ಮಾನ ಲಕ್ಸ್; ಮನೆಯೊಳಗಿನ ಬೆಳಕು ಕೆಲವು ನೂರು ಲಕ್ಸ್ ಇದ್ದರೆ ಹೊರಗೆ ಅದು ಹತ್ತು ಸಾವಿರವನ್ನೂ ಸುಲಭವಾಗಿ ದಾಟುತ್ತದೆ, ಆ ಪ್ರಖರ ಬೆಳಕು ಕಣ್ಣುಗುಡ್ಡೆಯ ಉದ್ದವನ್ನು ಹತೋಟಿಯಲ್ಲಿಡುತ್ತದೆ. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿ ಹೊರಾಂಗಣ ಅವಧಿ ಕೊಟ್ಟು ಮೂರು ವರ್ಷ ನೋಡಿದಾಗ, ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ಆ ಶಾಲೆಗಳಲ್ಲಿ ಶೇ 30ರಷ್ಟಿತ್ತು, ಉಳಿದ ಶಾಲೆಗಳಲ್ಲಿ ಶೇ 39ಕ್ಕಿಂತ ಹೆಚ್ಚಿತ್ತು. ತೈವಾನ್ 2010ರಿಂದಲೇ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರಬೇಕೆಂಬ ಕಾರ್ಯಕ್ರಮ ನಡೆಸುತ್ತಿದೆ. ಬಯಲಿನಲ್ಲಿ ಕುಂಟೆಬಿಲ್ಲೆ, ಲಗೋರಿ ಆಡುವ ಮಗುವಿನ ಕಣ್ಣಿಗೆ ಸಿಗುವ ಈ ರಕ್ಷಣೆಯನ್ನು ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ತೊಟ್ಟಿಲ ಕೂಸು ಮತ್ತು ಅಜ್ಜಿಯ ವಿಡಿಯೊ ಕರೆ

ಎರಡು ವರ್ಷದೊಳಗಿನ ಮಗುವಿನ ವಿಷಯದಲ್ಲಿ ತಜ್ಞರ ಮಾತು ಅತ್ಯಂತ ಖಚಿತವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ ಎನ್ನುತ್ತದೆ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ಭಾರತೀಯ ಮಕ್ಕಳ ತಜ್ಞರ ಅಕಾಡೆಮಿಯೂ ಎರಡು ವರ್ಷದೊಳಗೆ ಬೇಡ, ಐದರವರೆಗೆ ಒಂದು ಗಂಟೆಯ ಮಿತಿ ಇರಲಿ ಎಂದು ಹೇಳಿದೆ.

ಏಕೆ ಇಷ್ಟು ಕಟ್ಟುನಿಟ್ಟು? ಉತ್ತರವಾಗಿ ಪ್ಯಾಟ್ರಿಷಿಯಾ ಕೂಲ್ ಎಂಬ ವಿಜ್ಞಾನಿಯ 2003ರ ಪ್ರಯೋಗವನ್ನು ನೋಡಬಹುದು. ಮನೆಯಲ್ಲಿ ಇಂಗ್ಲಿಷ್ ಮಾತ್ರ ಕೇಳುವ ಒಂಬತ್ತು ತಿಂಗಳ ಅಮೆರಿಕದ ಕೂಸುಗಳ ಜೊತೆ ಚೀನಾದ ಮ್ಯಾಂಡರಿನ್ ಭಾಷಿಕರು ಎದುರು ಕೂತು ಹನ್ನೆರಡು ಬಾರಿ ಆಡಿದರು, ಓದಿ ಹೇಳಿದರು. ಆ ಕೂಸುಗಳು ಮ್ಯಾಂಡರಿನ್ನಿನ ಸೂಕ್ಷ್ಮ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ನೋಡಿದ ಕೂಸುಗಳು ಏನನ್ನೂ ಕಲಿಯಲಿಲ್ಲ. ಕಣ್ಣು ಪರದೆಯ ಮೇಲೇ ಇತ್ತು, ಕಿವಿಗೆ ಧ್ವನಿ ಬೀಳುತ್ತಿತ್ತು, ಆದರೂ ಕಲಿಕೆ ನಡೆಯಲಿಲ್ಲ. ಮಗು ಭಾಷೆ ಕಲಿಯುವುದು ಕೊಡು-ಕೊಳ್ಳುವ ಆಟದಂತೆ: ಅದು ‘ಅಂಬಾ’ ಎಂದರೆ ಅಮ್ಮ ‘ಹೌದಾ ಕಂದಾ, ಹಸು ಬಂತಾ?’ ಎನ್ನಬೇಕು, ಅದು ನಕ್ಕರೆ ಎದುರಿನ ಮುಖವೂ ನಗಬೇಕು. ಪರದೆಯಲ್ಲಿನ ಮುಖ ಮಗುವಿಗಾಗಿ ಕಾಯುವುದಿಲ್ಲ.

ಮಗು ನೋಡದಿದ್ದರೂ ಹಿನ್ನೆಲೆಯಲ್ಲಿ ಟಿವಿ ಹಾಡುತ್ತಿದ್ದರೆ ಸಾಕು, ಮಾತು ಕಡಿಮೆಯಾಗುತ್ತದೆ. ಪುಟ್ಟ ಮಕ್ಕಳ ಅಂಗಿಯಲ್ಲಿ ಧ್ವನಿಮುದ್ರಕ ಇಟ್ಟು ಅಮೆರಿಕದಲ್ಲಿ ನಡೆಸಿದ, 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿವಿ ಸದ್ದಿರುವ ಪ್ರತಿ ಗಂಟೆಗೆ ದೊಡ್ಡವರಿಂದ ಮಗು ಕೇಳುವ ಪದಗಳು ಸುಮಾರು 770ರಷ್ಟು ಕಡಿಮೆಯಾಗಿರುವುದು ಕಂಡುಬಂತು. ದೊಡ್ಡವರ ಗಮನ ಆಚೆ ಹೋಗುತ್ತದೆ, ಬಾಯಿ ಮುಚ್ಚಿರುತ್ತದೆ. ಅನ್ನ ತಿನ್ನಿಸಲು ಮೊಬೈಲ್ ಹಿಡಿಯುವ ಮನೆಗಳಲ್ಲಿಯೂ ನಡೆಯುವುದು ಇದೇ. ಚಂದಮಾಮನನ್ನು ತೋರಿಸಿ, ಕಾಗಕ್ಕ ಗುಬ್ಬಕ್ಕನ ಕಥೆ ಹೇಳಿ ಉಣ್ಣಿಸುತ್ತಿದ್ದಾಗ ಪ್ರತಿ ತುತ್ತಿನ ಜೊತೆ ನೂರು ಮಾತು ಹೋಗುತ್ತಿತ್ತು, ಮಗುವಿಗೆ ತನ್ನ ಹಸಿವಿನ ಅರಿವೂ ಇರುತ್ತಿತ್ತು. ಕೆಲಸದ ಒತ್ತಡದಲ್ಲಿ ಒಬ್ಬಳೇ ಮಗು ನೋಡಿಕೊಳ್ಳುವ ತಾಯಿಯನ್ನು ಇದಕ್ಕಾಗಿ ದೂರುವುದು ಅನ್ಯಾಯ. ಅವಳ ಕೈಗೆ ಇನ್ನೊಂದು ಕೈ ಸೇರದ ಹೊರತು ಮೊಬೈಲ್ ಕೆಳಗಿಡು ಎಂಬ ಮಾತು ನಡೆಯುವುದಿಲ್ಲ.

ಪುಟ್ಟ ಮಕ್ಕಳಿಗೆ ಪರದೆ ಬೇಡ ಎಂಬ ನಿಯಮಕ್ಕೆ ಒಂದು ಮುಖ್ಯ ವಿನಾಯಿತಿ ಇದೆ. ಬಂಧುಗಳ ಜೊತೆಗಿನ ವಿಡಿಯೊ ಕರೆಯನ್ನು ತಜ್ಞರು ನಿಷೇಧಿಸಿಲ್ಲ. ಎರಡು ವರ್ಷ ದಾಟಿದ ಮಕ್ಕಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲೇ ಮುದ್ರಿಸಿದ ವಿಡಿಯೊದಿಂದ ಕಲಿಯದ ಹೊಸ ಪದಗಳನ್ನು ಮಕ್ಕಳು ನೇರ ವಿಡಿಯೊ ಕರೆಯಿಂದ ಕಲಿತರು. ಹಾಸನದ ಅಜ್ಜಿ ಡಲ್ಲಾಸಿನ ಮೊಮ್ಮಗಳಿಗೆ ಪರದೆಯಲ್ಲಿ ‘ಏನು ತಿಂದೆ ಪುಟ್ಟೀ?’ ಎಂದಾಗ ಆ ಮಗುವಿನ ಉತ್ತರಕ್ಕೆ ಕಾಯುತ್ತಾಳೆ. ಆ ಕಾಯುವಿಕೆಯೇ ಎಲ್ಲ ವ್ಯತ್ಯಾಸವನ್ನೂ ಮಾಡುತ್ತದೆ.

ಮನಸ್ಸಿನ ಮೇಲಿನ ಪರಿಣಾಮ: ಮಿಶ್ರ ಚಿತ್ರ

ಇಲ್ಲಿ ಸಾಕ್ಷ್ಯ ಎರಡೂ ಕಡೆ ವಾಲುತ್ತದೆ. ಫಿಜಿ ದ್ವೀಪದ ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ತುಂಬಿದ ಮೈಯನ್ನೇ ಚೆಲುವೆಂದು ಕಾಣುವ ಆ ಸಮಾಜದಲ್ಲಿ, ಊಟದ ಬಗ್ಗೆ ಅನಾರೋಗ್ಯಕರ ಧೋರಣೆ ತೋರುವ ಹದಿಹರೆಯದ ಹುಡುಗಿಯರ ಪ್ರಮಾಣ ಮೂರೇ ವರ್ಷಗಳಲ್ಲಿ ಶೇ 12.7ರಿಂದ ಶೇ 29.2ಕ್ಕೆ ಏರಿತು. ಭಾರತದ ಹಳ್ಳಿಗಳಿಗೆ ಕೇಬಲ್ ಟಿವಿ ಬಂದಾಗ ಆದದ್ದೇ ಬೇರೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಂಡತಿಯನ್ನು ಹೊಡೆಯುವುದು ಸರಿ ಎಂದು ಒಪ್ಪುವ ಮಹಿಳೆಯರ ಸಂಖ್ಯೆ ತಗ್ಗಿತು, ಗಂಡುಮಗುವೇ ಬೇಕೆಂಬ ಆಸೆಯೂ ಇಳಿಯಿತು.

ಹದಿಹರೆಯದವರ ಖಿನ್ನತೆಗೆ ಮೊಬೈಲೇ ಕಾರಣ ಎಂಬ ಮಾತನ್ನು ಆತುರದಿಂದ ಒಪ್ಪಲಾಗದು. ಮೂರು ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಪರಿಶೀಲಿಸಿದ 2019ರ ಬ್ರಿಟಿಷ್ ವಿಶ್ಲೇಷಣೆಯಲ್ಲಿ, ಅವರ ನೆಮ್ಮದಿಯಲ್ಲಿನ ಏರುಪೇರಿನಲ್ಲಿ ಡಿಜಿಟಲ್ ಬಳಕೆಯೊಡನೆ ಜೋಡಿಸಬಹುದಾದ ಪಾಲು ಹೆಚ್ಚೆಂದರೆ ಶೇ 0.4ರಷ್ಟು. ಆದರೆ ಸರಾಸರಿ ಚಿಕ್ಕದೆಂದರೆ ಪ್ರತಿ ಮಗುವಿಗೂ ಚಿಕ್ಕದೆಂದು ಅರ್ಥವಲ್ಲ. ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯ ಹನ್ನೊಂದನೆಯ ಆವೃತ್ತಿಯಲ್ಲಿ ಗೇಮಿಂಗ್ ಚಟವನ್ನು ಸೇರಿಸಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ಕೇಡಾಗುತ್ತಿದ್ದರೂ ಬಿಡದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಇವು ಹನ್ನೆರಡು ತಿಂಗಳು ಕಾಣಿಸಿಕೊಂಡಿರಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಲ್ಲಿ ಆರಂಭವಾದ ‘ಶಟ್’ ಕ್ಲಿನಿಕ್ ಇಂಥವರಿಗಾಗಿಯೇ ಇದೆ. ರಜೆಯಲ್ಲಿ ಎರಡು ವಾರ ಗೇಮ್ ಆಡಿದ ಹುಡುಗ ಈ ಗುಂಪಿಗೆ ಸೇರುವುದಿಲ್ಲ; ಊಟ, ಸ್ನಾನ, ಗೆಳೆಯರು, ಪರೀಕ್ಷೆ ಎಲ್ಲವನ್ನೂ ಬಿಟ್ಟವನನ್ನು ಗದರದೆ ಅಲ್ಲಿಗೆ ಕರೆದೊಯ್ಯಬೇಕು.

ಒಬ್ಬಂಟಿ ಅಜ್ಜಿಯ ಧಾರಾವಾಹಿ

ಮೊದಲು ಕೇಳಿದ ಅಜ್ಜಿಯ ಪ್ರಶ್ನೆ ಉಳಿದಿದೆ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಮನುಷ್ಯ ಧ್ವನಿ ಕೇಳಿಸುವುದು ಟಿವಿಯಿಂದ ಮಾತ್ರ ಎನ್ನುವವರಿಗೆ ಅದನ್ನು ಆರಿಸಿ ಎಂದು ಹೇಳುವುದು ಕ್ರೌರ್ಯವಾದೀತು. ಅವರ ವಿಷಯದಲ್ಲಿ ಗಮನಿಸಬೇಕಾದದ್ದು ಒಂದೇ ಭಂಗಿಯಲ್ಲಿ ಸತತವಾಗಿ ಕೂರುವುದನ್ನು. ತೂಕ ಹೆಚ್ಚಿದ್ದ ವಯಸ್ಕರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪುಟ್ಟ ಪ್ರಯೋಗದಲ್ಲಿ, ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಬರೀ ಎರಡು ನಿಮಿಷ ನಿಧಾನವಾಗಿ ನಡೆದಾಗಲೂ ಆಹಾರದ ನಂತರದ ರಕ್ತದ ಸಕ್ಕರೆಯ ಏರಿಕೆ ಸುಮಾರು ಕಾಲು ಭಾಗದಷ್ಟು ತಗ್ಗಿತು. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಮ್ಮಲ್ಲಿ ಇದು ದೊಡ್ಡ ಲಾಭ, ಇದಕ್ಕೆ ಖರ್ಚೂ ಇಲ್ಲ. ಜಾಹೀರಾತು ಬಂದಾಗಲೆಲ್ಲ ಎದ್ದು ಅಡುಗೆಮನೆಯವರೆಗೆ ಹೋಗಿ ಬರುವುದು, ಸೊಪ್ಪು ಬಿಡಿಸುವ ಮೊರವನ್ನು ಮಡಿಲಿಗೆ ತೆಗೆದುಕೊಳ್ಳುವುದು, ಹಗಲಿನ ಮರುಪ್ರಸಾರವನ್ನು ನೋಡಿ ರಾತ್ರಿಯದನ್ನು ಬಿಡುವುದು, ಸಂಜೆಯಾಗುವ ಮೊದಲು ಅರ್ಧ ಗಂಟೆ ಜಗಲಿಯಲ್ಲಿ ಕೂತು ದಾರಿಹೋಕರನ್ನು ಮಾತಾಡಿಸುವುದು ಅಜ್ಜಿಗೆ ಸಾಧ್ಯವಿರುವ ಬದಲಾವಣೆಗಳು. ಸಂಜೆ ಮನೆಗೆ ಬಂದವರು ಇಂದಿನ ಕಥೆ ಎಲ್ಲಿಗೆ ಬಂತೆಂದು ಅವರನ್ನೇ ಕೇಳಬಹುದು.